ಹಿಪ್ಪೆ ಹಿಂಡಿ ಮತ್ತು ಹುಲ್ಲುಹಾಸಿನ ಎರೆಹುಳು

ಮುಂಗಾರಿನ ಮೊದಲ ಮಳೆಗೆ ಹುಲ್ಲುಹಾಸು ಚಿಗುರುವ ಈ ವಾರಗಳಲ್ಲಿ ಗೊಬ್ಬರದ ಪ್ರಮಾಣವನ್ನು ಚರ್ಚಿಸುವುದು ಈ ಅಂಕಣದ ವಾಡಿಕೆ. ಆದರೆ ಯೂರಿಯಾ ಎಷ್ಟು, ಸೂಪರ್ ಫಾಸ್ಫೇಟ್ ಎಷ್ಟು ಎಂಬ ಲೆಕ್ಕಕ್ಕೆ ಮೊದಲು, ಸಲಿಕೆಯಿಂದ ಗೇಣುದ್ದದ ಹೆಂಟೆಯೊಂದನ್ನು ಹುಲ್ಲಿನ ಸಮೇತ ಕೊಯ್ದು ಮಗುಚಿ ನೋಡುವುದು ಅಗತ್ಯ. ಆರೋಗ್ಯವಂತ ನೆಲದಲ್ಲಿ ಗರಿಕೆಯ ಬೇರು ನಾಲ್ಕಾರು ಅಂಗುಲ ಇಳಿದಿರುತ್ತದೆ, ಮಣ್ಣು ಬೆರಳ ನಡುವೆ ಹರಳು ಹರಳಾಗಿ ಉದುರುತ್ತದೆ, ಕೊಯ್ದ ಬದಿಯಲ್ಲಿ ಎರೆಹುಳು ಕೊರೆದ ಬಿಲಗಳು ಕಾಣುತ್ತವೆ. ಕೆಟ್ಟ ನೆಲದಲ್ಲಾದರೋ ಹಸಿರಿಗೂ ಮಣ್ಣಿಗೂ ನಡುವೆ ತೆಂಗಿನ ನಾರಿನಂತಹ ಕಂದು ಪದರವೊಂದು ಕುಳಿತಿದ್ದು, ಬೇರೆಲ್ಲ ಅದರಲ್ಲೇ ಹೆಣೆದುಕೊಂಡಿರುತ್ತದೆ. ಅದರ ಕೆಳಗಿನ ಮಣ್ಣು ಪೇಲವವಾಗಿ, ಗಟ್ಟಿಯಾಗಿ, ಬಿಲವಿಲ್ಲದೆ ಉಳಿದಿರುತ್ತದೆ.

ಈ ಪದರವನ್ನು ಥ್ಯಾಚ್ ಎನ್ನುತ್ತಾರೆ. ಸತ್ತ ಬೇರು ಮತ್ತು ಕಾಂಡಗಳು ಕೊಳೆಯುವುದಕ್ಕಿಂತ ಬೇಗ ಸೇರಿಕೊಳ್ಳುವುದರಿಂದ ಅದು ಬೆಳೆಯುತ್ತದೆ. ಅರ್ಧ ಅಂಗುಲ ಮೀರಿದರೆ ನೀರನ್ನೂ ಗೊಬ್ಬರವನ್ನೂ ತಾನೇ ಹಿಡಿದಿಟ್ಟುಕೊಂಡು, ನಾಲ್ಕು ದಿನದ ಬಿಸಿಲಿಗೇ ಹುಲ್ಲು ಬಾಡುವಂತೆ ಮಾಡುತ್ತದೆ. ಕೆರೆದು ತೆಗೆಯುವುದು ತಾತ್ಕಾಲಿಕ ಉಪಾಯ. ಕೊಳೆಯಬೇಕಾದದ್ದು ಏಕೆ ಕೊಳೆಯಲಿಲ್ಲ ಎಂಬುದೇ ಮುಖ್ಯ ಪ್ರಶ್ನೆ.

ಅದಕ್ಕೆ ಸ್ಪಷ್ಟ ಉತ್ತರ ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿದೆ. ಜಾನ್ ಬೆನೆಟ್ ಲಾಸ್ ಮತ್ತು ಜೋಸೆಫ್ ಹೆನ್ರಿ ಗಿಲ್ಬರ್ಟ್ 1856ರಲ್ಲಿ ಅಲ್ಲಿನ ಹುಲ್ಲುಗಾವಲನ್ನು ತಾಕುಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಬೇರೆ ಬೇರೆ ಗೊಬ್ಬರ ಕೊಡುವ ಪ್ರಯೋಗವನ್ನು ಆರಂಭಿಸಿದರು. ಅದು ಇಂದಿಗೂ ನಡೆಯುತ್ತಿದೆ. ಅಮೋನಿಯಂ ಸಲ್ಫೇಟನ್ನು ವರ್ಷವರ್ಷವೂ ಹೇರಳವಾಗಿ ಪಡೆದು ಸುಣ್ಣ ಕಾಣದ ತಾಕುಗಳಲ್ಲಿ ರಸಸಾರ, ಅಂದರೆ 7ನ್ನು ಸಮಸ್ಥಿತಿಯಾಗಿಟ್ಟುಕೊಂಡು ಮಣ್ಣಿನ ಹುಳಿ ಮತ್ತು ಕ್ಷಾರವನ್ನು ಅಳೆಯುವ ಮಾನ, 4ಕ್ಕಿಂತಲೂ ಕೆಳಗಿಳಿಯಿತು. ಹತ್ತಾರು ಜಾತಿಯ ಸಸ್ಯಗಳಿದ್ದಲ್ಲಿ ಎರಡು ಮೂರು ಮಾತ್ರ ಉಳಿದವು, ಎರೆಹುಳು ಇಲ್ಲವಾಯಿತು, ನೆಲದ ಮೇಲೆ ಕೊಳೆಯದ ಹುಲ್ಲಿನ ಚಾಪೆ ಬೆಳೆಯಿತು.

ಇಷ್ಟೆಲ್ಲ ಕಣ್ಣೆದುರೇ ಇದ್ದರೂ, ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಗಾಲ್ಫ್ ಮೈದಾನಗಳ ಒಂದು ಪಂಥವು ಮಣ್ಣನ್ನು ಹುಳಿಯಾಗಿಸುವುದನ್ನೇ ಸಾಧನೆಯೆಂದು ಬಗೆಯಿತು. ಕ್ಲೋವರ್ ಕಳೆ ಮತ್ತು ಎರೆಹುಳುಗಳೆರಡೂ ಹುಳಿಗೆ ಹೆದರುತ್ತವೆ ಎಂಬುದು ಅದರ ವಾದ. ಕರ್ನಾಟಕದ ಓದುಗರನ್ನು ಯೋಚನೆಗೆ ಹಚ್ಚಬೇಕಾದ ಸಂಗತಿಯೆಂದರೆ, ಆ ಪಂಥಕ್ಕೆ ಆಯುಧ ಒದಗಿಸಿದ ಮರ ನಮ್ಮ ಹಿಪ್ಪೆ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಪ್ಪೆ ಹಿಂಡಿಯಲ್ಲಿ ಸಪೋನಿನ್ ಎಂಬ, ನೀರಿನಲ್ಲಿ ನೊರೆ ಬರಿಸುವ ವಿಷಕಾರಿ ದ್ರವ್ಯವಿದೆ. ಭಾರತದಿಂದ ಹೋದ ಈ ಹಿಂಡಿಯ ಪುಡಿಯನ್ನು ಬ್ರಿಟನ್ನಿನ ಮೈದಾನಗಳಲ್ಲಿ ಎರಚಿ ನೀರು ಕಟ್ಟಿದರೆ ಹುಳುಗಳು ಮೈ ಉರಿದು ಮೇಲೆ ಬರುತ್ತಿದ್ದವು, ಅವನ್ನು ಗುಡಿಸಿ ಕೈಗಾಡಿಗಳಲ್ಲಿ ಸಾಗಿಸಲಾಗುತ್ತಿತ್ತು. ಸೀಸದ ಆರ್ಸೆನೇಟ್ ಮತ್ತು ಕ್ಲೋರ್ಡೇನ್‌ಗಳೂ ಇದೇ ಕೆಲಸಕ್ಕೆ ಬಳಕೆಯಾದವು. ಚೆಂಡು ಸಲೀಸಾಗಿ ಉರುಳಲೆಂದು ನೆಲವನ್ನು ಉಳುವ ಜೀವಿಯನ್ನೇ ಕೊಂದದ್ದು ಅನ್ಯಾಯ ಮಾತ್ರವಲ್ಲ, ಅಜ್ಞಾನವೂ ಹೌದು. ಏಕೆಂದರೆ ಆ ಹೊತ್ತಿಗೆ ಚಾರ್ಲ್ಸ್ ಡಾರ್ವಿನ್ನನ ಎರೆಹುಳುಗಳ ಗ್ರಂಥ (1881) ಪ್ರಕಟವಾಗಿ ದಶಕಗಳೇ ಕಳೆದಿದ್ದವು.

ಆ ಗ್ರಂಥದ ಎರಡು ಪ್ರಸಂಗಗಳನ್ನು ಹುಲ್ಲುಹಾಸು ಬೆಳೆಸುವವರೆಲ್ಲ ತಿಳಿದಿರಬೇಕು. ಡಾರ್ವಿನ್ 1842ರ ಡಿಸೆಂಬರಿನಲ್ಲಿ ತನ್ನ ಮನೆಯ ಬಳಿಯ ಹೊಲದ ಮೇಲೆ ಸೀಮೆಸುಣ್ಣದ ಕಲ್ಲಿನ ಚೂರುಗಳನ್ನು ಹರಡಿಸಿ, 29 ವರ್ಷಗಳ ನಂತರ ಅಲ್ಲಿ ಕಾಲುವೆ ತೋಡಿಸಿದಾಗ, ಆ ಬಿಳಿಯ ಚೂರುಗಳು ಏಳು ಅಂಗುಲ ಆಳದಲ್ಲಿ ಸಾಲಾಗಿ ಕಂಡವು. ಅವು ತಾವಾಗಿ ಇಳಿದಿರಲಿಲ್ಲ, ಹುಳುಗಳು ಕೆಳಗಿನ ಮಣ್ಣನ್ನು ನುಂಗಿ ಮೇಲೆ ಹಾಕಿದ ಹಿಕ್ಕೆಯಡಿ ಹೂತುಹೋಗಿದ್ದವು. ಇನ್ನೊಂದು ಹೊಲ ಎಷ್ಟು ಕಲ್ಲುಮಯವಾಗಿತ್ತೆಂದರೆ ಅವನ ಮಕ್ಕಳು ಅದನ್ನು ಕಲ್ಲುಹೊಲವೆಂದೇ ಕರೆಯುತ್ತಿದ್ದರು. ಮೂವತ್ತು ವರ್ಷಗಳಲ್ಲಿ ಅದು ದಟ್ಟ ಹುಲ್ಲಿನಿಂದ ಮುಚ್ಚಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುವ ಕುದುರೆಯ ಲಾಳಕ್ಕೆ ಒಂದು ಕಲ್ಲೂ ತಾಗದಂತಾಯಿತು.

ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಇದೇ ಹುಳುವಿಗೆ ನೆಲೆಯಿಲ್ಲ. ಒಡೆದ ಇಟ್ಟಿಗೆ, ಸಿಮೆಂಟಿನ ಚೂರುಗಳ ಮೇಲೆ ಮೂರಂಗುಲ ಕೆಮ್ಮಣ್ಣು ಸುರಿದು, ಜೇಡಿಮಣ್ಣು ಮೆತ್ತಿದ ಹುಲ್ಲಿನ ಹಲಗೆಗಳನ್ನು ಅದರ ಮೇಲೆ ಜೋಡಿಸುತ್ತಾರೆ. ಎರಡು ಬಗೆಯ ಮಣ್ಣು ಕೂಡುವಲ್ಲಿ ನೀರು ತಡೆಯುತ್ತದೆ, ಬೇರೂ ಅಲ್ಲೇ ನಿಲ್ಲುತ್ತದೆ. ಸಾವಯವ ಅಂಶ ಕಡಿಮೆಯಿರುವ ಕೆಮ್ಮಣ್ಣು ಒಣಗಿದರೆ ಗಟ್ಟಿಯಾಗುವುದರಿಂದ, ಟೊಳ್ಳು ಮೊಳೆಯ ಫೋರ್ಕಿನಿಂದ ಮಣ್ಣಿನ ಕಡ್ಡಿಗಳನ್ನು ಕಿತ್ತು, ಜರಡಿ ಹಿಡಿದ ಕಾಂಪೋಸ್ಟನ್ನು ಕಾಲಂಗುಲ ದಪ್ಪಕ್ಕೆ ಹರಡಿ ತೂತುಗಳಿಗೆ ಇಳಿಸಬೇಕು. ಕತ್ತರಿಸಿದ ಹುಲ್ಲಿನ ತುದಿಗಳು ಬಹುಪಾಲು ನೀರೇ ಆಗಿದ್ದು ಬೇಗ ಕೊಳೆಯುವುದರಿಂದ ಅವನ್ನು ಅಲ್ಲೇ ಬಿಡಬಹುದು. ಶಿಲೀಂಧ್ರಕ್ಕೆಂದು ಕಾರ್ಬೆಂಡಜಿಮ್ ಸುರಿಯುವ ಅಭ್ಯಾಸವನ್ನು ಮಾತ್ರ ಬಿಡಲೇಬೇಕು; ಅದು ಎರೆಹುಳುವಿಗೂ ವಿಷ.

ಹುಳುಗಳು ಮರಳಿದ ಮೇಲೆ ಮಳೆಯ ಮರುದಿನ ಹುಲ್ಲಿನ ಮೇಲೆ ಹಿಕ್ಕೆಯ ಕುಪ್ಪೆಗಳು ಏಳುತ್ತವೆ. ಒದ್ದೆಯಿದ್ದಾಗ ಅವನ್ನು ತುಳಿದರೆ, ಅಥವಾ ಯಂತ್ರ ಹಾಯಿಸಿದರೆ, ಅಪ್ಪಚ್ಚಿಯಾದ ಮಣ್ಣಿನಡಿ ಹುಲ್ಲು ಹಳದಿಯಾಗಿ ಆ ಜಾಗದಲ್ಲಿ ಕಳೆ ಹುಟ್ಟುತ್ತದೆ. ಬಿಸಿಲಿಗೆ ಒಣಗಿದ ಬಳಿಕ ಬಿದಿರು ಕಡ್ಡಿಯ ಪೊರಕೆಯಿಂದ ತಟ್ಟಿ, ಪುಡಿಯಾದ ಹಿಕ್ಕೆಯನ್ನು ಹುಲ್ಲಿನ ಬುಡಕ್ಕೆ ಹರಡಿ, ಆಮೇಲೆಯೇ ಹುಲ್ಲು ಕತ್ತರಿಸಬೇಕು.