ಹೂವಿಲ್ಲದ ಜೇನು ಸವಿಯುವ ಬಗೆ

ಬಾಳೆಹೊನ್ನೂರಿನ ಕಡೆ ಕಾಫಿ ಗಿಡದ ರೆಂಬೆಯ ಮೇಲೆ ಚಗಳಿ ಇರುವೆಗಳ ಸಾಲು ಕಂಡರೆ ಎಲೆಯನ್ನೊಮ್ಮೆ ಮಗುಚಿ ನೋಡಬೇಕು. ನಡುನರದ ಗುಂಟ ಹಸಿರು ಶಲ್ಕಕೀಟಗಳು ಅಲುಗದೆ ಅಂಟಿಕೊಂಡಿರುತ್ತವೆ. ಕೆಳಗಿನ ಎಲೆ ಮುಟ್ಟಿದರೆ ಬೆರಳಿಗೆ ಅಂಟು. ಗಿಡದ ರಸದಲ್ಲಿ ಸಕ್ಕರೆ ಹೇರಳ, ಸಾರಜನಕ ಕಮ್ಮಿ. ಹಾಗಾಗಿ ಕೀಟ ಬೇಕಾದ್ದಕ್ಕಿಂತ ಹೆಚ್ಚು ಹೀರಿ, ಮಿಕ್ಕ ಸಿಹಿಯನ್ನು ಹೊರಹಾಕುತ್ತದೆ. ಚಗಳಿ ಬರುವುದು ಅದಕ್ಕೇ. ಎಲೆಗೆ ಕಪ್ಪು ಮಸಿ ಹಿಡಿಯುವುದೂ ಅದರಿಂದಲೇ.

ಇಂಥ ಅಂಟನ್ನು ಜೇನುಹುಳ ನೆಕ್ಕಿ ಗೂಡಿಗೆ ಒಯ್ದರೂ ಜೇನಾಗುತ್ತದೆ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಚೀನಾ ಮೂಲದ ಚುಕ್ಕೆ ಲ್ಯಾಂಟರ್ನ್‌ಫ್ಲೈ ಎಂಬ ರಸ ಹೀರುವ ಕೀಟ 2014ರಲ್ಲಿ ಮೊದಲು ಪತ್ತೆಯಾಯಿತು. ದ್ರಾಕ್ಷಿ ಬೆಳೆಗಾರರಿಗೆ ಅದು ದೊಡ್ಡ ಪಿಡುಗು. ಬೇಸಿಗೆ ಕಳೆಯುತ್ತ ಹೂವು ಕಮ್ಮಿಯಾದಾಗ ಅಲ್ಲಿನ ಜೇನುಹುಳಗಳು ಅದರ ಅಂಟನ್ನೇ ಹೊತ್ತು ತಂದವು. ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಕಂದುಗಪ್ಪು ಜೇನು. ಸಿಹಿ ಮಂದ, ಹೊಗೆಯ ಛಾಯೆ, ಬಾಯಲ್ಲಿ ಬಹಳ ಹೊತ್ತು ನಿಲ್ಲುವ ರುಚಿ. ಟರ್ಕಿಯ ಹೆಸರಾಂತ ಪೈನ್ ಜೇನಿನ ಮೂಲವೂ ಮರದ ರಸ ಹೀರುವ ಕೀಟವೇ. ಆದರೆ ಅದು ಅಲ್ಲಿಯದೇ ಕೀಟ, ವಲಸೆ ಬಂದದ್ದಲ್ಲ.

ಇಂಥ ಜೇನಿನ ಹೊಸ ರಸಿಕರು ಸವಿಯುವ ಅಭ್ಯಾಸವನ್ನು ಊರಿನ ಜೇನಿನಿಂದಲೇ ಶುರುಮಾಡಬಹುದು. ಮೊದಲ ಮೆಟ್ಟಿಲು ಕಾಫಿ ಹೂವಿನದು. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾದಾಗ ತುಡುವೆ ಹುಳಗಳು ಬಿಡುವಿಲ್ಲದೆ ದುಡಿಯುತ್ತವೆ. ಎರಡನೆಯದು ರಬ್ಬರ್‌ನದು. ನರಸಿಂಹರಾಜಪುರದ ಕಡೆಯ ರಬ್ಬರ್ ತೋಟಗಳಲ್ಲಿ ಎಲೆಯುದುರಿ ಹೊಸ ಚಿಗುರು ಬಂದಾಗ, ಮೂರು ಎಲೆ ಕೂಡುವ ತೊಟ್ಟಿನ ತುದಿಯಲ್ಲಿ ಸಿಹಿರಸ ಒಸರುತ್ತದೆ. ಅದು ಹೂವಿನದಲ್ಲ, ಕೀಟದ್ದೂ ಅಲ್ಲ, ಮರ ತಾನಾಗಿ ಕೊಟ್ಟದ್ದು. ಈ ಎರಡನ್ನೂ ಬಲ್ಲ ನಾಲಿಗೆಗೆ ಮೂರನೆಯ ಮೆಟ್ಟಿಲಾದ ಕೀಟದ ಜೇನು ತೀರಾ ಅಪರಿಚಿತ ಅನ್ನಿಸುವುದಿಲ್ಲ.

ಸವಿಯುವಾಗ ಆತುರ ಕೂಡದು. ಜೇನನ್ನು ಬೆಳಕಿಗೆ ಹಿಡಿದು ಬಣ್ಣ ನೋಡಬೇಕು, ಆಮೇಲೆ ಮೂಸಬೇಕು. ಕಾಲು ಚಮಚ ನಾಲಿಗೆಗೆ ಹಾಕಿ, ನುಂಗುವ ಮುನ್ನ ಬಾಯಲ್ಲೇ ಹರಡಿಕೊಳ್ಳಬೇಕು. ಹೂವಿನ ಜೇನಿನ ಪರಿಮಳ ಮೊದಲೇ ಮೂಗಿಗೆ ಬರುತ್ತದೆ. ಕೀಟದ ಜೇನು ತನ್ನ ಗುಣ ತೋರುವುದು ಸಿಹಿ ಇಳಿದ ಮೇಲೆ. ಬೆಲ್ಲದ ಪಾಕ, ಮರದ ತೊಗಟೆ, ಹುರಿದ ಮಾಲ್ಟ್ ನೆನಪಾಗಬಹುದು. ಬಣ್ಣ ಕಪ್ಪಾದ ಮಾತ್ರಕ್ಕೆ ಅದು ಕಲಬೆರಕೆಯಲ್ಲ. ಇಂಥ ಜೇನಿನಲ್ಲಿ ಖನಿಜಾಂಶ ಹೆಚ್ಚು. ಭಾರತದ ಆಹಾರ ಸುರಕ್ಷತಾ ನಿಯಮದ ವ್ಯಾಖ್ಯೆಯೂ ಇದನ್ನು ಜೇನೆಂದೇ ಒಪ್ಪುತ್ತದೆ.

ಕೊಳ್ಳುವಾಗ ಮೂರು ಪ್ರಶ್ನೆ ಕೇಳಬೇಕು: ಯಾವ ತಿಂಗಳ ಜೇನು, ಪೆಟ್ಟಿಗೆಯ ಸುತ್ತ ಯಾವ ಮರಗಳಿವೆ, ಅವಕ್ಕೆ ಕೀಟನಾಶಕ ಹೊಡೆದಿದ್ದರೇ? ಕೀಟದ ಜೇನಿಗೆ ಮೂರನೆಯ ಪ್ರಶ್ನೆಯೇ ಮುಖ್ಯ, ಏಕೆಂದರೆ ಮರಕ್ಕೆ ಹಾಕಿದ ಔಷಧಿ ರಸದೊಳಗೆ ಇಳಿಯಬಹುದು. ಉತ್ತರಗಳನ್ನು ಚೀಟಿಯಲ್ಲಿ ಬರೆದು ಬಾಟಲಿಗೆ ಅಂಟಿಸಿಟ್ಟರೆ, ಮುಂದಿನ ವರ್ಷದ ಜೇನನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಬಹುದು.