ಹುಡೇವಿನ ಊರಿನವನು ದೀಪಸ್ತಂಭ ಏರಿದ್ದು

ಎತ್ತರ ಕಂಡಲ್ಲಿ ಹತ್ತುವ ಚಟ ನನಗೆ ಊರ ಹುಡೇವಿನಿಂದಲೇ, ಅಂದರೆ ಕಾವಲು ಗೋಪುರದಿಂದಲೇ, ಅಂಟಿದ್ದು. ಮುದಗಲ್ ಕೋಟೆ, ಕೃಷ್ಣೆಯ ನಡುವಿನ ಜಲದುರ್ಗ, ಮಸ್ಕಿ ಬೆಟ್ಟ ಎಲ್ಲ ಎಷ್ಟು ಸಲ ಹತ್ತಿದ್ದೇನೋ ಲೆಕ್ಕವಿಲ್ಲ. ಈ ವಾರ ಲಿಂಗಸುಗೂರು ಬಿಟ್ಟು ಕಡಲ ದಾರಿ ಹಿಡಿದೆ, ಕಾಪು ದೀಪಸ್ತಂಭ ನೋಡಲಿಕ್ಕೆ.

ಉಡುಪಿಯಿಂದ ಮಂಗಳೂರಿನ ಕಡೆ ಹೊರಟರೆ ಹೆದ್ದಾರಿಯಲ್ಲೇ ಕಾಪು ಸಿಗುತ್ತದೆ. ಅಲೆ ಬಡಿಯುವ ಕರಿಬಂಡೆಯ ಮೇಲೆ 27 ಮೀಟರ್ ಎತ್ತರದ ಗೋಪುರ, ಬ್ರಿಟಿಷರು 1901ರಲ್ಲಿ ಕಟ್ಟಿಸಿದ್ದು. ಆಗ ನಮ್ಮ ಲಿಂಗಸುಗೂರು ನಿಜಾಮರ ರಾಜ್ಯದ ಜಿಲ್ಲಾ ಕೇಂದ್ರ. 1905ರಲ್ಲಿ ಜಿಲ್ಲೆ ಹೋಯಿತು. ಕಾಪುವಿನ ದೀಪ ಇನ್ನೂ ಉರಿಯುತ್ತಿದೆ. ಹೊಟ್ಟೆಕಿಚ್ಚು ಪಡಬೇಕಾದ್ದೇ.

ಒಳಗೆ ಸುತ್ತು ಮೆಟ್ಟಿಲು. ಹತ್ತುವಾಗ ಕಾಲು ಹುಡೇವನ್ನೇ ನೆನೆಯಿತು, ಮೇಲೆ ನಿಂತಾಗ ಮಾತ್ರ ಬೇರೆಯೇ ಅನಿಸಿತು. ಹುಡೇವು ಕಟ್ಟಿದ್ದು ದೂರದಲ್ಲಿ ಬರುವ ದಂಡು, ದರೋಡೆಕೋರರನ್ನು ನಾವು ಕಾಣಲೆಂದು. ದೀಪಸ್ತಂಭ ನಿಂತಿರುವುದೇ ಬೇರೆಯವರ ಕಣ್ಣಿಗೆ ಬೀಳಲು. ಹಗಲಿಗೆಂದೇ ಮೈಗೆ ಕಪ್ಪು ಬಿಳಿ ಪಟ್ಟೆ, ರಾತ್ರಿಗೆ ಮಿನುಗು. ಒಂದೊಂದು ದೀಪಸ್ತಂಭದ್ದೂ ಒಂದೊಂದು ಲಯ, ಎಷ್ಟು ಸೆಕೆಂಡಿಗೆ ಎಷ್ಟು ಸಲ ಮಿನುಗಿತೆಂದು ಎಣಿಸಿಯೇ ನಾವಿಕ ಇದು ಯಾವ ಊರು ಅಂತ ಗುರುತಿಸುತ್ತಾನೆ.

ಎತ್ತರವೇಕೆ ಬೇಕು? ಭೂಮಿ ದುಂಡಗಿದೆಯಲ್ಲ. 27 ಮೀಟರ್ ಮೇಲಿಂದ ನೋಡಿದರೆ ಬಾನಂಚು ಸುಮಾರು 18 ಕಿಲೋಮೀಟರ್ ದೂರ. ಕೆಳಗಿನ ಬಂಡೆ ಇನ್ನಷ್ಟು ಸೇರಿಸುತ್ತದೆ. ಆದರೆ ಎತ್ತರವೊಂದಿದ್ದರೆ ಸಾಲದು, ಸಣ್ಣ ದೀಪದ ಬೆಳಕು ಸುತ್ತ ಚೆಲ್ಲಿ ವ್ಯರ್ಥವಾಗುತ್ತದೆ. ಅದನ್ನು ಒಟ್ಟುಗೂಡಿಸಿ ನೇರ ಕಡಲಿಗೆ ಅಟ್ಟುವ ಹೊಸ ಉಪಾಯ ಹುಡುಕಿದ್ದು ಫ್ರಾನ್ಸಿನ ಎಂಜಿನಿಯರ್ ಫ್ರೆನೆಲ್. ದಪ್ಪ ಗಾಜಿನ ಬದಲು ಬಳೆಬಳೆಯಾಗಿ ಜೋಡಿಸಿದ ಪಟ್ಟಕಗಳು. 1823ರಲ್ಲಿ ಕೊರ್ದುವಾನ್ ದೀಪಸ್ತಂಭದಲ್ಲಿ ಮೊದಲು ಕೂರಿಸಿದರು. ನಾಲ್ಕೇ ವರ್ಷಕ್ಕೆ, 39ರ ಹರೆಯದಲ್ಲಿ, ಕ್ಷಯದಿಂದ ತೀರಿಕೊಂಡ ಪುಣ್ಯಾತ್ಮ.

ಬಂದವರೆಲ್ಲ ಮೇಲೆ ಸೆಲ್ಫಿ ತೆಗೆದುಕೊಂಡು, ಸೂರ್ಯ ಮುಳುಗುತ್ತಲೇ ಕಾರು ಹತ್ತುತ್ತಾರೆ. ಸಿನಿಮಾ ಅರ್ಧಕ್ಕೆ ಎದ್ದುಹೋದ ಹಾಗೆ. ನೀವು ಹೋದರೆ ಸಂಜೆ ಹತ್ತಿ, ಇಳಿದು ಮರಳ ಮೇಲೆ ಕೂತುಬಿಡಿ. ಕತ್ತಲಾಗಿ ದೀಪ ಹತ್ತಿದ ಮೇಲೆ ಮಿನುಗು ಎಣಿಸಿಕೊಂಡು ಬನ್ನಿ.