ಕೋಲ್ಡ್ ಸ್ಟೋರೇಜ್ ಕಸಿದ ಬಿಡುವು

ಉದ್ಯಮಿಯ ದುಡಿಮೆ ಮತ್ತು ಸಂಸಾರದ ಸಮತೋಲನದ ಬಗ್ಗೆ ಉಪದೇಶ ಮಾಡುವವರು ಒಮ್ಮೆ ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟು ಬ್ಯಾಡಗಿಯತ್ತ ಹೊರಳಬೇಕು. ಅಲ್ಲಿ ಕಾಣುವ ಕೋಲ್ಡ್ ಸ್ಟೋರೇಜ್‌ಗಳು ಅವರ ವಾದಕ್ಕೆ ಒಳ್ಳೆಯ ಪರೀಕ್ಷೆ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ದಿನಗಳು ಸೋಮವಾರ ಮತ್ತು ಗುರುವಾರ. ಹಿಂದಿನ ರಾತ್ರಿಯೇ ಚೀಲಗಳು ಬಂದಿಳಿಯುತ್ತವೆ. ಬೆಳಿಗ್ಗೆ ಲಾಟು ನೋಡಿ ಟೆಂಡರ್ ಹಾಕಬೇಕು. ದರ ಹೊರಬಿದ್ದ ಮೇಲೆ ತೂಕ, ಲೆಕ್ಕಪಟ್ಟಿ, ರೈತರಿಗೆ ಹಣ. ಸುಗ್ಗಿಯ ಆ ತಿಂಗಳುಗಳಲ್ಲಿ ದಲಾಲಿ ಅಂಗಡಿಯವನನ್ನು ಮನೆಯವರು ಕಾಯುವುದಿಲ್ಲ, ಊಟ ಮುಚ್ಚಿಟ್ಟು ಮಲಗುತ್ತಾರೆ. ಮೊದಲು ಆ ಓಟಕ್ಕೊಂದು ಕೊನೆಯೂ ಇತ್ತು. ಮಳೆ ಹಿಡಿದರೆ ಕಾಯಿ ತೇವ ಎಳೆದು ಬಣ್ಣ ಬಿಡುತ್ತದೆ. ವ್ಯಾಪಾರ ತಾನಾಗಿ ತಣ್ಣಗಾಗುತ್ತಿತ್ತು. ನೆಂಟರು, ಯಾತ್ರೆ, ಮಕ್ಕಳ ಶಾಲೆಯ ಓಡಾಟ ಎಲ್ಲಕ್ಕೂ ಆಗ ವೇಳೆ. ಯಾವ ಉದ್ಯಮಿಯೂ ಸಂಯಮದಿಂದ ಗಳಿಸಿದ ಬಿಡುವಲ್ಲ ಅದು, ಮುಂಗಾರು ಕೊಟ್ಟದ್ದು.

ಬ್ಯಾಡಗಿ ಕಾಯಿಯ ಬೆಲೆ ನಿಂತಿರುವುದು ಖಾರದ ಮೇಲಲ್ಲ, ಬಣ್ಣದ ಮೇಲೆ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಈ ಮಾಲಿಗೆ ಬಣ್ಣದ ಸಾರ ತೆಗೆಯುವ ಓಲಿಯೋರೆಸಿನ್ ಕಾರ್ಖಾನೆಗಳ ಬೇಡಿಕೆ ವರ್ಷವಿಡೀ ಇದೆ. ಬಣ್ಣ ಕೆಡದಂತೆ ತಿಂಗಳುಗಟ್ಟಲೆ ಇಡುವ ಶೀತಲ ಕೋಣೆ ಬಂದದ್ದು ದೊಡ್ಡ ಉಪಕಾರವೇ. ಬಿದ್ದ ದರಕ್ಕೆ ಮಾರಲೇಬೇಕೆಂಬ ಇಕ್ಕಟ್ಟಿನಿಂದ ಅದು ಎಷ್ಟೋ ಜನರನ್ನು ಪಾರುಮಾಡಿದೆ. ಆದರೆ ಇಟ್ಟವನಿಗೆ ಈಗ ದಿನವೂ ಒಂದೇ ಚಿಂತೆ: ಇಂದು ತೆಗೆಯಲೋ, ಇನ್ನಷ್ಟು ಕಾಯಲೋ? ಶ್ರಾವಣದಲ್ಲೂ ಊಟದ ಮಧ್ಯೆ ಗುಂಟೂರು ಮೆಣಸಿನಕಾಯಿ ಪೇಟೆಯ ದರ ಕೇಳುವ ಫೋನ್ ಬರುತ್ತದೆ. ಬಾಡಿಗೆ ಓಡುತ್ತಿರುತ್ತದೆ, ಬ್ಯಾಂಕಿನ ಬಡ್ಡಿಯೂ.

ಈ ಚಡಪಡಿಕೆಯನ್ನೇ ನಾವು ‘ಕಾಯಕನಿಷ್ಠೆ’ ಎಂದು ಸನ್ಮಾನ ಪತ್ರಗಳಲ್ಲಿ ಬರೆಯುತ್ತೇವೆ. ನನ್ನ ತಕರಾರು ಇಲ್ಲಿದೆ. ಮೋಟೆಬೆನ್ನೂರು ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪನವರ ಊರು. 1930ರ ದಂಡಿಯಾತ್ರೆಯಲ್ಲಿ ನಡೆದವರು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದವರು. ಪತ್ನಿ ಸಿದ್ದಮ್ಮನವರೂ ಹೋರಾಟಕ್ಕಿಳಿದು ಜೈಲು ಕಂಡವರು. ಅವರ ಮನೆ ಹೋರಾಟಕ್ಕೆ ಸಂದದ್ದು ಇಬ್ಬರೂ ಒಪ್ಪಿ. ಆ ತ್ಯಾಗದ ಮಾತುಗಳನ್ನು ದಾಸ್ತಾನಿನ ಲಾಭನಷ್ಟಕ್ಕೆ ಹೊದಿಸುವುದು ಅಗ್ಗದ ಕೆಲಸ. ಇಲ್ಲಿ ಹೆಂಡತಿಯನ್ನು ಯಾರೂ ಕೇಳಿರುವುದಿಲ್ಲ, ಸಾಲದ ಕಾಗದಕ್ಕೆ ಸಹಿ ಬೇಕಾದಾಗಿನ ಹೊರತು.

ಶಿಸ್ತಿದ್ದರೆ ಸಮತೋಲನ ಸಾಧ್ಯ ಎನ್ನುವವರಿಗೆ 2024ರ ಮಾರ್ಚ್ 11 ನೆನಪಿರಲಿ. ದರ ಕುಸಿತಕ್ಕೆ ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಇಟ್ಟ ಸೋಮವಾರ ಅದು. ಅಂಥ ಪೇಟೆಯಲ್ಲಿ ಸಂಜೆ ಆರಕ್ಕೆ ಫೋನ್ ಆರಿಸಿಡಿ ಎಂಬ ಸಲಹೆ ಯಾರಿಗೆ? ಸಂಬಳದ ವ್ಯವಸ್ಥಾಪಕನನ್ನು ಇಟ್ಟುಕೊಳ್ಳಬಲ್ಲ ದೊಡ್ಡ ವರ್ತಕನಿಗೆ ಅದು ನಡೆದೀತು. ಒಬ್ಬನೇ ಅಂಗಡಿ ನೋಡುವವನಿಗೆ ನಡೆಯದು. ಇನ್ನು ಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಹೆಂಗಸರ ಮಾತು ಈ ಚರ್ಚೆಯಲ್ಲಿ ಬರುವುದೇ ಇಲ್ಲ. ಕಿಲೋ ಲೆಕ್ಕದ ಕೂಲಿ, ಉರಿಯುವ ಬೆರಳು; ಅದೇ ಕೈಯಲ್ಲಿ ಸಂಜೆ ಮಗುವಿಗೆ ತುತ್ತು ಕೊಡಬೇಕು, ಮೊದಲು ಎಣ್ಣೆ ಸವರಿ ತಿಕ್ಕಿ ತೊಳೆದು.